ಎಲ್ಲರೂ ‘ಅಡ್ಮಿನ್’ ಆಗಿರುವ ಕಚೇರಿ

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಪತ್ತಿನ ಸಹಕಾರ ಸಂಘ, ಆಡಿಟರ್ ಕಚೇರಿ, ಶಾಲೆಯ ಫೀ ಕೌಂಟರಿನಂಥ ಎಷ್ಟೋ ಕಡೆ ಅದು ಇವತ್ತಿಗೂ ಸದ್ದಿಲ್ಲದೆ ದುಡಿಯುತ್ತಿದೆ. ಕಂಪ್ಯೂಟರ್ ಮೇಲೆ ಕೈ ಓಡುವ ಗುಮಾಸ್ತರೊಬ್ಬರು ಫೈಲ್ ಕಟ್ಟಿಕೊಟ್ಟಿರುತ್ತಾರೆ. ಅದು ಶೇರ್ಡ್ ಫೋಲ್ಡರಿನಲ್ಲಿ ಕೂತಿರುತ್ತದೆ. ಎಲ್ಲರೂ ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ಈ ಏರ್ಪಾಡನ್ನು ಹಗುರವಾಗಿ ಕಾಣುವವನು ನಾನಲ್ಲ. ಹೊರಗಿನ ಕಂಪನಿಯ ಹಂಗಿಲ್ಲ, ಬೆಳಿಗ್ಗೆ ಕೇಳಿದ ವರದಿ ಊಟದ ಹೊತ್ತಿಗೆ ಸಿದ್ಧ. ನನ್ನ ತಕರಾರು ಅದಕ್ಕೆ ತೊಡಿಸುವ ಭದ್ರತೆಯ ಬಗ್ಗೆ. ಅದರ ಬಹುಪಾಲು ನೋಟಕ್ಕೆ ಮಾತ್ರ.

ವಾಡಿಕೆಯ ಉಪಾಯಗಳನ್ನೇ ನೋಡಿ. ಫೈಲ್ ತೆರೆದೊಡನೆ ಮೆನುವಿನ ಪರದೆ ಮಾತ್ರ ಕಾಣಲಿ ಎಂದು ಟೇಬಲ್‌ಗಳನ್ನು ಅಡಗಿಸುತ್ತಾರೆ. ಶಿಫ್ಟ್ ಕೀ ಒತ್ತಿಹಿಡಿದು ತೆರೆದರೆ ಆ ಪರದೆ ಪಕ್ಕಕ್ಕೆ ಸರಿದು ಒಳಗಿನದೆಲ್ಲ ಎದುರಿಗೆ ಬರುತ್ತದೆ. ಶಿಫ್ಟ್ ಕೆಲಸ ಮಾಡದಂತೆ ತಡೆಯುವ ಸೆಟ್ಟಿಂಗ್ ಒಂದಿದೆ. ಇನ್ನೊಂದು ಆಕ್ಸೆಸ್ ಫೈಲಿನಿಂದ ಕೆಲವೇ ಸಾಲು ಕೋಡ್ ಬರೆದು ಅದನ್ನೂ ತಿರುಗಿಸಬಹುದು. ಅಷ್ಟು ಶ್ರಮವೂ ಬೇಡ, ಎಕ್ಸೆಲ್‌ನಿಂದ ಆ ಫೈಲಿಗೆ ಸಂಪರ್ಕ ಕೊಟ್ಟರೆ ಟೇಬಲ್‌ಗಳು ಸಾಲುಸಾಲಾಗಿ ಇಳಿದು ಬರುತ್ತವೆ. ಫೋಲ್ಡರಿನ ಹೆಸರಿಗೆ ಡಾಲರ್ ಚಿಹ್ನೆ ಅಂಟಿಸಿ ನೆಟ್‌ವರ್ಕಿನ ಪಟ್ಟಿಯಿಂದ ಮರೆಮಾಡುವುದೂ ಇದೇ ಜಾತಿಯದು. ಫಾರ್ಮ್‌ಗಳನ್ನು ಬೇರೆ ಫೈಲಿನಲ್ಲಿಟ್ಟು ಅದಕ್ಕೆ ಜೋಡಿಸಿದ (ಲಿಂಕ್ ಮಾಡಿದ) ಟೇಬಲಿನ ಮೇಲೆ ಮೌಸ್ ಇಟ್ಟರೆ ಅದು ಎಲ್ಲಿದೆಯೆಂಬುದು ಅಲ್ಲೇ ಮೂಡುತ್ತದೆ.

ಆಕ್ಸೆಸ್‌ನವರು ಒಮ್ಮೆ ಇದಕ್ಕಿಂತ ಗಂಭೀರವಾದದ್ದಕ್ಕೆ ಕೈಹಾಕಿದ್ದರು. 2003ರ ಆವೃತ್ತಿಯವರೆಗೆ ಬಳಕೆದಾರರು, ಗುಂಪುಗಳು, ಯಾರಿಗೆ ಯಾವ ಟೇಬಲ್ ಎಂಬ ವಿವರಗಳ ದೊಡ್ಡ ವ್ಯವಸ್ಥೆಯೇ ಅದರಲ್ಲಿತ್ತು. ಹೆಸರುಗಳನ್ನು ಬೇರೆಯೇ ಒಂದು ಫೈಲಿನಲ್ಲಿ ಕಾಪಿಡಬೇಕಿತ್ತು. ಆದರೆ ಹುಟ್ಟಿನಿಂದಲೇ ಬರುವ ‘ಅಡ್ಮಿನ್’ ಎಂಬ ಬಳಕೆದಾರನ ಗುರುತು ಜಗತ್ತಿನ ಎಲ್ಲ ಆಕ್ಸೆಸ್‌ಗಳಲ್ಲೂ ಒಂದೇ. ಅವನ ಒಡೆತನವನ್ನೂ ಹಕ್ಕುಗಳನ್ನೂ ಹುಡುಕಿ ಹುಡುಕಿ ತೆಗೆಯದಿದ್ದರೆ, ಬೀದಿಯಾಚೆಯ ಕಚೇರಿಯ ಕಂಪ್ಯೂಟರಿನಲ್ಲಿಯೂ ಆ ಫೈಲ್ ಹಲ್ಲುಕಿರಿದು ತೆರೆದುಕೊಳ್ಳುತ್ತಿತ್ತು. 2007ರ ಹೊಸ ಫೈಲ್ ಮಾದರಿಯಲ್ಲಿ ಈ ವ್ಯವಸ್ಥೆಯನ್ನೇ ಕೈಬಿಟ್ಟರು. ಇದನ್ನು ಹಿನ್ನಡೆ ಎಂದವರಿದ್ದರು. ನನಗೆ ಅದು ಆ ತಂತ್ರಾಂಶದ ಇತಿಹಾಸದಲ್ಲೇ ಪ್ರಾಮಾಣಿಕ ತೀರ್ಮಾನಗಳಲ್ಲೊಂದು ಎನಿಸುತ್ತದೆ.

ತೊಡಕು ಇರುವುದು ರಚನೆಯಲ್ಲಿಯೇ. ಆಕ್ಸೆಸ್‌ನಲ್ಲಿ ಹುಡುಕುವ, ತಿದ್ದುವ ಎಂಜಿನ್ ಓಡುವುದು ಅವರವರ ಸ್ವಂತ ಕಂಪ್ಯೂಟರಿನಲ್ಲಿ. ‘ಸರ್ವರ್’ ಎಂದು ಕರೆಸಿಕೊಳ್ಳುವ ಯಂತ್ರ ಫೈಲನ್ನು ಇಟ್ಟುಕೊಂಡಿರುತ್ತದೆ, ಅಷ್ಟೆ. ರೆಕಾರ್ಡ್ ರೂಮಿನಲ್ಲಿ ಕೇಳಿದ ಪುಟವನ್ನು ಮಾತ್ರ ತೋರಿಸುವ ಗುಮಾಸ್ತ ಇಲ್ಲಿಲ್ಲ. ಬಂದವರು ಒಳಗೆ ನುಗ್ಗಿ ಇಡೀ ರಿಜಿಸ್ಟರನ್ನೇ ಮೇಜಿಗೆ ತಂದುಕೊಳ್ಳುತ್ತಾರೆ. ಯಾರು ಯಾರು ಒಳಗಿದ್ದಾರೆಂದು ಗುರುತಿಡುವ ಪುಟ್ಟ ಲಾಕ್ ಫೈಲೊಂದು ಪಕ್ಕದಲ್ಲಿ ಹುಟ್ಟಿ ಅಳಿಯುತ್ತಿರಬೇಕಾದ್ದರಿಂದ, ಬರೀ ನೋಡುವವರಿಗೂ ಆ ಫೋಲ್ಡರಿನಲ್ಲಿ ಬರೆಯುವ, ಅಳಿಸುವ ಅನುಮತಿ ಕೊಡುವುದು ರೂಢಿ. ಆ ಅನುಮತಿ ಇದ್ದವರು ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು, ಅಳಿಸಿಯೂ ಹಾಕಬಹುದು. ಅವರ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕರೆ ಅದಕ್ಕೂ ಅದೇ ಹಕ್ಕು. ಇನ್ನು ಆ ಲಾಕ್ ಫೈಲನ್ನು ತೆರೆದು ನೋಡಿದರೆ ಕಂಪ್ಯೂಟರುಗಳ ಹೆಸರು ಬೇರೆಬೇರೆ, ಬಳಕೆದಾರನ ಹೆಸರು ಮಾತ್ರ ಎಲ್ಲ ಕಡೆ ‘ಅಡ್ಮಿನ್’.

ಬೇರೆಲ್ಲಕ್ಕಿಂತ ದೊಡ್ಡ ದೋಷ ಇದೇ ಎಂಬುದು ನನ್ನ ವಾದ. ಕಚೇರಿಯ ಲೆಕ್ಕ ಕೆಡುವುದಕ್ಕೆ ಹೊರಗಿನ ಕಳ್ಳನೇ ಬರಬೇಕಿಲ್ಲ. ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಲಾಗಿನ್‌ಗೆ ಬೆರಳಚ್ಚು ಕಡ್ಡಾಯ ಮಾಡಿತು. ಅದುವರೆಗೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ತಿದ್ದಿದ್ದು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟವಿತ್ತು. ತಿದ್ದುವ ಅಧಿಕಾರ ಇದ್ದವರೇ ನಾಳೆ ‘ನಾನಲ್ಲ’ ಎನ್ನಬಾರದು ಎಂಬುದು ಬೆರಳಚ್ಚಿನ ಹಿಂದಿದ್ದ ಆಲೋಚನೆ. ಆರು ಜನರ ಕಚೇರಿಗೆ ಬೆರಳಚ್ಚು ಬೇಡ. ಆದರೆ ಸದಸ್ಯರ ಸಾಲದ ಬಾಕಿ ಬದಲಾದರೆ, ಬದಲಿಸಿದವರ ಹೆಸರು ಅಲ್ಲಿಗೂ ಬೇಕು.

ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದರೆ? 2007ರಿಂದೀಚಿನ ಮಾದರಿಯಲ್ಲಿ ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಪೆನ್‌ಡ್ರೈವ್ ಬಸ್ಸಿನಲ್ಲಿ ಕಳೆದರೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಚೇರಿಯ ಒಳಗೆ ಮಾತ್ರ ಅದು ಎಲ್ಲರಿಗೂ ಒಂದೇ ಪಾಸ್‌ವರ್ಡ್. ಜೊತೆಗೆ ಟೇಬಲ್‌ಗಳನ್ನು ಜೋಡಿಸಿದ ಫಾರ್ಮಿನ ಫೈಲಿನೊಳಗೆ ಅದು ಓದುವಂತೆಯೇ ಬರೆದಿಟ್ಟಿರುತ್ತದೆ.

ಹಾಗಾಗಿ ಫಾರ್ಮ್‌ಗಳು ಆಕ್ಸೆಸ್‌ನಲ್ಲೇ ಇರಲಿ, ಟೇಬಲ್‌ಗಳನ್ನು ನಿಜವಾದ ಡೇಟಾಬೇಸ್ ಸರ್ವರಿಗೆ ಸಾಗಿಸಿ ಎನ್ನುವವರ ಪಕ್ಷ ನನ್ನದು. ಎಸ್‌ಕ್ಯೂಎಲ್ ಸರ್ವರಿನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ. ಆಕ್ಸೆಸ್ ಫೈಲಿನ 2 ಜಿಬಿ ಮಿತಿಯ ತಲೆನೋವೂ ತಪ್ಪುತ್ತದೆ. ಸರ್ವರ್ ಬಂದ ಮಾತ್ರಕ್ಕೆ ನೆಮ್ಮದಿ ಎಂದಲ್ಲ. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ವರ್ಮ್ ಎಸ್‌ಕ್ಯೂಎಲ್ ಸರ್ವರ್‌ಗಳ ಮೂಲಕ ನಿಮಿಷಗಳಲ್ಲಿ ಜಗತ್ತನ್ನು ಸುತ್ತಿತು. ಅದನ್ನು ತಡೆಯುವ ಪ್ಯಾಚ್ 2002ರ ಜುಲೈನಲ್ಲೇ ಬಂದಿತ್ತು. ಬೇರಾವುದೋ ತಂತ್ರಾಂಶದ ಜೊತೆಗೆ ಸರ್ವರಿನ ಚಿಕ್ಕ ರೂಪವೊಂದು ತಮ್ಮ ಯಂತ್ರದಲ್ಲಿ ಕೂತಿದೆಯೆಂಬುದೇ ಹಲವರಿಗೆ ತಿಳಿದಿರಲಿಲ್ಲ. ಚಿಕ್ಕ ಕಚೇರಿಯಲ್ಲಿ ಪ್ಯಾಚ್ ಹಾಕುವವರು ಯಾರು ಎಂಬ ಪ್ರಶ್ನೆಗೆ ಉಚಿತ ಉತ್ತರವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಸಮಂಜಸ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿರುವಾಗ, ಪ್ಯಾಚ್ ಹಾಕುವವರ ಸಂಬಳ ದುಬಾರಿಯೆಂದು ವಾದಿಸುವುದೂ ಕಷ್ಟ.

ನೌಕರರೊಬ್ಬರು ಕೆಲಸ ಬಿಟ್ಟ ದಿನ ಎರಡು ಏರ್ಪಾಡುಗಳ ಅಂತರ ಢಾಳಾಗಿ ಕಾಣುತ್ತದೆ. ಹಂಚಿಕೊಂಡ ಪಾಸ್‌ವರ್ಡಿನ ಕಚೇರಿಯಲ್ಲಿ ಅದನ್ನು ಬದಲಿಸಿ, ಪ್ರತಿ ಕಂಪ್ಯೂಟರಿಗೂ ಹೋಗಿ ಟೇಬಲ್‌ಗಳನ್ನು ಮತ್ತೆ ಜೋಡಿಸಬೇಕು. ಯಾರೂ ಅದಕ್ಕೆ ಮನಸ್ಸು ಮಾಡುವುದಿಲ್ಲ. ಸರ್ವರಿಗೆ ಅವರವರ ವಿಂಡೋಸ್ ಲಾಗಿನ್ನಿನಿಂದಲೇ ಪ್ರವೇಶವಿದ್ದರೆ ಸಂಜೆಯೊಳಗೆ ಒಂದು ಖಾತೆ ಮುಚ್ಚಿದರಾಯಿತು. ಇದ್ದಾಗ ಏನೇನು ತಿದ್ದಿದ್ದರು ಎಂಬುದೂ ಹೆಸರು, ದಿನಾಂಕ ಸಮೇತ ಉಳಿದಿರುತ್ತದೆ, ಹಾಗೆ ಬರೆದಿಡಲು ಮೊದಲೇ ವ್ಯವಸ್ಥೆ ಮಾಡಿದ್ದರೆ.