ಫಿಟ್ ನೆಗೆಟಿವ್ ಬಂದರೆ ಸಣ್ಣ ಕರುಳು ಸರಿಯಿದೆಯೇ?

ಯುಗಾದಿ ಊಟದ ದಿನ ಸ್ಯಾನ್ ಡಿಯಾಗೋದಿಂದ ಬಂದಿದ್ದ ಗೆಳೆಯರೊಬ್ಬರು ಫೋನಿನಲ್ಲಿ ಒಂದು ವರದಿ ತೋರಿಸಿ, "ಡಾಕ್ಟ್ರೇ, ಅಮ್ಮನ ಮಲಪರೀಕ್ಷೆ ನೆಗೆಟಿವ್ ಬಂತು, ಕರುಳಿನ ಚಿಂತೆ ತಪ್ಪಿತು" ಎಂದರು. ದಾವಣಗೆರೆಯಿಂದ ಆರು ತಿಂಗಳಿಗೆಂದು ಬಂದಿದ್ದ ತಾಯಿಗೆ ಹಿಮೋಗ್ಲೋಬಿನ್ 8. ಸಸ್ಯಾಹಾರಿಗಳಲ್ಲವೇ, ಕಬ್ಬಿಣ ಕಡಿಮೆಯಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ನಾನು ವರದಿಯ ಹೆಸರು ನೋಡಿದೆ: ಫಿಟ್. ಅದು ದೊಡ್ಡ ಕರುಳಿನ ಪರೀಕ್ಷೆ.

ನಮ್ಮಲ್ಲಿ ಅನೇಕರ ಮನೆಗೆ ಈ ಕಿಟ್ ಅಂಚೆಯಲ್ಲಿ ಬರುತ್ತದೆ. ಒಳ್ಳೆಯ ಪರೀಕ್ಷೆ, ಮಾಡಿಸಿಕೊಳ್ಳಿ. ಆದರೆ ಅದು ಹುಡುಕುವುದು ರಕ್ತದಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು. ಜಠರದಲ್ಲೋ ಸಣ್ಣ ಕರುಳಿನಲ್ಲೋ ಜಿನುಗಿದ ರಕ್ತದ ಗ್ಲೋಬಿನ್ ಕೆಳಗೆ ಬರುವಷ್ಟರಲ್ಲಿ ಬಹುಪಾಲು ಜೀರ್ಣವಾಗಿರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಗೆಂದು ಮಾಡಿದ ಪರೀಕ್ಷೆಯನ್ನು ಆರು ಮೀಟರಿನಷ್ಟು ಉದ್ದದ ಸಣ್ಣ ಕರುಳಿಗೂ ಅನ್ವಯಿಸುವುದು ನಮ್ಮ ತಪ್ಪು, ಪರೀಕ್ಷೆಯದಲ್ಲ.

ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯ ಮಾತು ಬೇರೆ. ನಾರ್ವೆಯ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಗುರುತಿಸಿದ ಈ ಪ್ರೋಟೀನ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ತುಂಬಿರುತ್ತದೆ. ಕರುಳು ಉರಿಯೂತಗೊಂಡರೆ ಮಲಕ್ಕೆ ಸೇರುತ್ತದೆ, ಬೇಗ ಕೆಡುವುದಿಲ್ಲ. ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಸಾಮಾನ್ಯವೆನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಓದುವಾಗ ಕೊಬ್ಬಿನಂಶ ಅಳೆಯಲು ರೋಗಿಯ ಮೂರು ದಿನದ ಮಲವನ್ನು ಡಬ್ಬದಲ್ಲಿ ಕೂಡಿಡಿಸುತ್ತಿದ್ದ ನನ್ನಂಥವನಿಗೆ ಒಂದು ಚಮಚದಷ್ಟರಲ್ಲಿ ಕೆಲಸ ಮುಗಿಯುವುದು ದೊಡ್ಡ ವಿಷಯವೇ. (ಆ ಡಬ್ಬ ಹೊರುತ್ತಿದ್ದ ಅಟೆಂಡರ್ ಇಂದು ಇದ್ದಿದ್ದರೆ ನನಗಿಂತ ಹೆಚ್ಚು ಸಂತೋಷಪಡುತ್ತಿದ್ದರು.)

ಆದರೂ ಈ ಅಂಕಿ ಉರಿಯೂತ ಇದೆ ಎನ್ನುತ್ತದೆಯೇ ಹೊರತು ಎಲ್ಲಿ, ಏಕೆ ಎಂದು ಹೇಳುವುದಿಲ್ಲ. ಕ್ರೋನ್ಸ್ ಕಾಯಿಲೆಯಲ್ಲೂ ಏರುತ್ತದೆ, ಕರುಳಿನ ಕ್ಷಯದಲ್ಲೂ ಏರುತ್ತದೆ. ಭಾರತದಿಂದ ಬಂದ ಹಿರಿಯರಲ್ಲಿ ಈ ಎರಡನ್ನೂ ಮನಸ್ಸಿನಲ್ಲಿಡಬೇಕು. ಕಾಯಿಲೆ ಸಣ್ಣ ಕರುಳಿಗೆ ಮಾತ್ರ ಸೀಮಿತವಾಗಿದ್ದರೆ ಅಂಕಿ ಕೆಲವೊಮ್ಮೆ ಸಾಧಾರಣವಾಗಿಯೇ ಉಳಿಯುತ್ತದೆ. ಸೀಲಿಯಾಕ್ ಕಾಯಿಲೆಯಲ್ಲಿ ಹಾನಿ ಮಾಡುವುದು ಮುಖ್ಯವಾಗಿ ಬೇರೆ ಬಗೆಯ ಬಿಳಿ ಕಣಗಳಾದ್ದರಿಂದ ಅಲ್ಲಿ ಇದನ್ನು ನಂಬುವಂತಿಲ್ಲ. ರಕ್ತಪರೀಕ್ಷೆಯೇ ಆಗಬೇಕು, ಅದೂ ಗೋಧಿ ಬಿಡುವ ಮೊದಲು.

ನೋವಿನ ಮಾತ್ರೆಗಳ ವಿಷಯ ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಹೊಟ್ಟೆಗೆ ರಕ್ಷಣೆಯೆಂದು ಒಮೆಪ್ರಜೋಲ್ ಜೊತೆಗೆ ಕೊಡುತ್ತೇವಲ್ಲ, ಅದು ಕಾಯುವುದು ಜಠರವನ್ನು, ಸಣ್ಣ ಕರುಳನ್ನಲ್ಲ. 2005ರಲ್ಲಿ ಪ್ರಕಟವಾದ ಗೋಲ್ಡ್‌ಸ್ಟೀನ್ ಅವರ ಅಧ್ಯಯನದಲ್ಲಿ ಆರೋಗ್ಯವಂತರು ಎರಡು ವಾರ ನ್ಯಾಪ್ರಾಕ್ಸೆನ್ (ಇಲ್ಲಿ ಅಲೀವ್ ಎಂದು ಮಾರುವುದು ಇದನ್ನೇ) ಜೊತೆಗೆ ಒಮೆಪ್ರಜೋಲ್ ನುಂಗಿದರು. ಬಳಿಕ ಕ್ಯಾಪ್ಸೂಲ್ ಕ್ಯಾಮೆರಾದಲ್ಲಿ ಸಣ್ಣ ಕರುಳಿನ ಒಳಪದರದಲ್ಲಿ ಸರಾಸರಿ 2.99 ಗಾಯಗಳು ಕಂಡವು. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ 0.32.

ಇನ್ನು 'ಸೋರುವ ಕರುಳು' ಪತ್ತೆಹಚ್ಚುತ್ತೇವೆಂದು ನೇರವಾಗಿ ಮನೆಗೇ ಮಾರುವ ಮಲಪರೀಕ್ಷೆಗಳು. ಇವುಗಳ ಪಟ್ಟಿಯಲ್ಲಿ ಜೋನುಲಿನ್ ಎಂಬ ಹೆಸರು ಹೆಚ್ಚಾಗಿ ಕಾಣುತ್ತದೆ. ಅದನ್ನು ಅಳೆಯುತ್ತೇವೆನ್ನುವ ಕಿಟ್‌ಗಳು ಹಿಡಿಯುತ್ತಿರುವುದು ಬೇರೆಯೇ ಪ್ರೋಟೀನುಗಳನ್ನು ಎಂದು 2018ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಇದಕ್ಕೆ ನೂರಾರು ಡಾಲರ್ ತೆರುವುದನ್ನು ನಾನಂತೂ ಒಪ್ಪಲಾರೆ.

ಗೆಳೆಯರ ತಾಯಿಯನ್ನು ನಾನೇ ಕೂತು ಮಾತನಾಡಿಸಿದೆ. "ಮಂಡಿನೋವಿಗೆ ಏನಾದರೂ ತಗೋತೀರಾ ಅಮ್ಮಾ?" ಎಂದರೆ, "ದಿನಕ್ಕೆ ಎರಡು ಡೈಕ್ಲೋಫೆನಾಕ್, ಊರಿನ ಮೆಡಿಕಲ್ ಶಾಪಿನಿಂದ ತಂದಿದ್ದು. ಅದೇನು ಔಷಧಿ ಅಲ್ಲವಲ್ಲಪ್ಪ" ಎಂದರು. ಇಲ್ಲಿನ ವೈದ್ಯರಿಗೆ ಕೊಟ್ಟ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕ್ಯಾಲ್‌ಪ್ರೊಟೆಕ್ಟಿನ್ 180 ಬಂತು, ಅತ್ತಲೂ ಇಲ್ಲ ಇತ್ತಲೂ ಇಲ್ಲದ ಅಂಕಿ. ಮೇಲಿನಿಂದಲೂ ಕೆಳಗಿನಿಂದಲೂ ಮಾಡಿದ ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಕ್ಯಾಪ್ಸೂಲ್‌ನಲ್ಲಿ ಸಣ್ಣ ಕರುಳಿನ ಹುಣ್ಣುಗಳು ಕಂಡವು. ಮಾತ್ರೆ ನಿಲ್ಲಿಸಿ ಕಬ್ಬಿಣ ಕೊಟ್ಟರು. ದಾವಣಗೆರೆಗೆ ಹೊರಡುವ ಹೊತ್ತಿಗೆ ಹಿಮೋಗ್ಲೋಬಿನ್ 11 ದಾಟಿತ್ತು.