ಪುಸ್ತಕ ಹೊತ್ತು ಮಕ್ಕಳ ಬಳಿಗೆ ಹೋದ ಹುಡುಗ

ಬರೆದವನೇ ತನ್ನ ಪುಸ್ತಕವನ್ನು ಹೊತ್ತು ಮಾರುವುದೆಂದರೆ ನಮ್ಮಲ್ಲಿ ಹಲವರಿಗೆ ಮುಜುಗರ. ಬರೆಯುವುದಷ್ಟೇ ಲೇಖಕನ ಕೆಲಸ, ಮಿಕ್ಕಿದ್ದು ಪ್ರಕಾಶಕನ ಪಾಡು ಎಂಬ ಭಾವನೆ ನಮ್ಮದು. ಮಕ್ಕಳ ಸಾಹಿತ್ಯದ ಮಟ್ಟಿಗಾದರೂ ಈ ಭಾವನೆ ಸರಿಯೇ? ಅಮೆರಿಕದ ಕ್ರಿಸ್ಟೋಫರ್ ಪಾವೊಲಿನಿಯ ಮೊದಲ ಕಾದಂಬರಿ ‘ಎರಗಾನ್’ ಓದುಗರನ್ನು ತಲುಪಿದ ಬಗೆಯನ್ನು ನೋಡಿದಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

1983ರಲ್ಲಿ ಹುಟ್ಟಿದ ಪಾವೊಲಿನಿ ಮೊಂಟಾನಾ ರಾಜ್ಯದ ಪ್ಯಾರಡೈಸ್ ಕಣಿವೆಯಲ್ಲಿ ಬೆಳೆದವನು. ಮನೆಯಲ್ಲೇ ಹೆತ್ತವರಿಂದ ಪಾಠ ಕಲಿತು, ಹದಿನೈದನೆಯ ವಯಸ್ಸಿಗೆ ಹೈಸ್ಕೂಲು ಓದು ಮುಗಿಸಿ ಕಾದಂಬರಿ ಬರೆಯಲು ಕುಳಿತ. ಹೆತ್ತವರು ನಡೆಸುತ್ತಿದ್ದ ಪುಟ್ಟ ಪ್ರಕಾಶನವೇ ಅದನ್ನು ಹೊರತಂದಿತು. ಮುಖಪುಟದ ಚಿತ್ರವೂ ಅವನದೇ. 2002ರಲ್ಲಿ ಆತ ಮಧ್ಯಯುಗದ ಕತೆಗಾರನ ವೇಷ ತೊಟ್ಟು ಶಾಲೆ, ಗ್ರಂಥಾಲಯ, ಪುಸ್ತಕದಂಗಡಿಗಳಿಗೆ ಹೊರಟ. ನೂರಮೂವತ್ತಕ್ಕೂ ಹೆಚ್ಚು ಕಡೆ ಮಾತನಾಡಿದ. ದಿನವಿಡೀ ಮೇಜಿನ ಹಿಂದೆ ನಿಂತು ಮಾತಾಡಿದರೂ ನಲವತ್ತು ಪ್ರತಿ ಖರ್ಚಾದರೆ ಅದೇ ಹೆಚ್ಚು ಎಂಬ ಸ್ಥಿತಿಯಿತ್ತೆಂದು ಮುಂದೆ ಆತ ನೆನೆದಿದ್ದಾನೆ. ಇಡೀ ಮನೆಯ ಜೀವನೋಪಾಯ ಆ ಪುಸ್ತಕವನ್ನು ನೆಚ್ಚಿಕೊಂಡಿತ್ತು.

ಆ ಬೇಸಿಗೆಯಲ್ಲಿ ಮೊಂಟಾನಾಕ್ಕೆ ರಜೆ ಕಳೆಯಲು ಬಂದಿದ್ದ ಕಾದಂಬರಿಕಾರ ಕಾರ್ಲ್ ಹಯಾಸನ್‌ರ ಮಲಮಗ ಈ ಪುಸ್ತಕ ಓದಿ ಮೆಚ್ಚಿದ. ಹಯಾಸನ್ ತಮ್ಮ ಪ್ರಕಾಶಕರಾದ ಕ್ನಾಫ್ ಸಂಸ್ಥೆಯ ಗಮನಕ್ಕೆ ತಂದರು. 2003ರ ಆಗಸ್ಟ್‌ನಲ್ಲಿ, ಸಂಪಾದನೆಗೊಂಡ ಹೊಸ ಆವೃತ್ತಿ ಬಂತು. ಮುಂದಿನದು ಎಲ್ಲರಿಗೂ ಗೊತ್ತಿರುವ ಯಶಸ್ಸು. 2006ರಲ್ಲಿ ಸಿನಿಮಾ ಕೂಡ ಆಯಿತು.

ಇನ್ನು ಕೃತಿಯ ಮಾತು. ಮಾವನ ಮನೆಯಲ್ಲಿ ಬೆಳೆಯುವ ಹಳ್ಳಿ ಹುಡುಗನಿಗೆ ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ, ಮಾವನ ಕೊಲೆಯಾಗುತ್ತದೆ, ಮುದುಕ ಗುರುವೊಬ್ಬ ದಾರಿ ತೋರಿಸಿ ನಡುವೆಯೇ ಸಾಯುತ್ತಾನೆ. ಟೋಲ್ಕಿನ್‌ರನ್ನು ಓದಿದವರಿಗೆ, ‘ಸ್ಟಾರ್ ವಾರ್ಸ್’ ಕಂಡವರಿಗೆ ಇದರಲ್ಲಿ ಹೊಸತು ಕಡಿಮೆ. ವರ್ಣನೆಯೂ ಅಲ್ಲಲ್ಲಿ ಭಾರ. ಆದರೆ ಹುಡುಗ ಮತ್ತು ಡ್ರ್ಯಾಗನ್ ಸಫೀರಾಳ ನಡುವಿನ ಮಾತಿಲ್ಲದ ಒಡನಾಟದಲ್ಲಿ ಒಂಟಿಯಾಗಿ ಬೆಳೆದ ಮಗುವಿನ ಹಂಬಲ ನಿಜವಾಗಿ ಮಿಡಿಯುತ್ತದೆ. ಆ ಗುರು ಬ್ರಾಮ್ ಕೂಡ ಊರಿನ ಕತೆಗಾರನೇ. ವೇಷ ತೊಟ್ಟು ನಿಂತ ಲೇಖಕ ತನ್ನ ಪಾತ್ರವನ್ನೇ ಅಭಿನಯಿಸುತ್ತಿದ್ದನೆಂದರೂ ತಪ್ಪಾಗದು.

ನಮ್ಮ ಆಕ್ಷೇಪವಿರುವುದು ಬೇರೆ ಕಡೆ. ಕೃತಿಗಿಂತ ಹೆಚ್ಚಾಗಿ ಲೇಖಕನ ವಯಸ್ಸು ಸುದ್ದಿಯಾಯಿತು. ಹೊಗಳಿದವರು ‘ಇಷ್ಟು ಚಿಕ್ಕವನು’ ಎಂದು ಹೊಗಳಿದರು, ತೆಗಳಿದವರು ‘ಇನ್ನೂ ಹುಡುಗ’ ಎಂದು ತೆಗಳಿದರು. ಪುಸ್ತಕಕ್ಕೆ ಸಲ್ಲಬೇಕಾದ ವಿಮರ್ಶೆ ಎರಡೂ ಕಡೆ ತಪ್ಪಿಹೋಯಿತು. ಹೆತ್ತವರ ಪ್ರಕಾಶನವಿಲ್ಲದ, ಊರೂರು ಸುತ್ತಲು ಅನುಕೂಲವಿಲ್ಲದ ಬರಹಗಾರನ ಗತಿಯೇನೆಂಬುದನ್ನೂ ಈ ಯಶೋಗಾಥೆ ಮರೆಸುತ್ತದೆ.

ಆದರೂ ಒಂದು ಮಾತು ಉಳಿಯುತ್ತದೆ. ಅಷ್ಟೊಂದು ಭಾಷಣಗಳು ಮಾಡಲಾಗದ್ದನ್ನು ಒಬ್ಬ ಬಾಲಕನ ಮೆಚ್ಚುಗೆ ಮಾಡಿತು. ಪುಸ್ತಕ ಅವನ ಕೈಗೆ ಎಟಕುವಲ್ಲಿ ಇದ್ದುದರಿಂದ ಇದು ಸಾಧ್ಯವಾಯಿತು. ಅಲ್ಲಿಗೆ ತಲುಪಿಸಿದ್ದು ಲೇಖಕನ ಕುಟುಂಬದ ದುಡಿಮೆ.

ಕನ್ನಡದಲ್ಲಿ ಮಕ್ಕಳ ಪುಸ್ತಕ ಹೋಗುವುದೆಲ್ಲಿಗೆ? ಹೆಚ್ಚಿನ ಪ್ರಕಾಶಕರು ಕಾಯುವುದು ಸರಕಾರದ ಸಗಟು ಖರೀದಿಯನ್ನು. ಆರಿಸುವವರು ದೊಡ್ಡವರು, ಕಪಾಟಿನಲ್ಲಿ ಬೀಗ ಹಾಕಿಡುವವರೂ ದೊಡ್ಡವರು. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಬೆರೆತು ಪ್ರಯೋಗ ನಡೆಸಿದ ಶಿವರಾಮ ಕಾರಂತರಂಥವರ ಮಾದರಿ ನಮ್ಮ ಕಣ್ಣೆದುರೇ ಇದೆ. ವೇಷ ಬೇಡ, ಅಬ್ಬರವೂ ಬೇಡ. ನಮ್ಮ ಮಕ್ಕಳ ಲೇಖಕರು ವರ್ಷಕ್ಕೆ ಹತ್ತು ಶಾಲೆಗಳ ಮೆಟ್ಟಿಲು ಹತ್ತಲಿ. ಶಾಲೆಗಳು ಕಪಾಟಿನ ಬೀಗ ತೆಗೆಯಲಿ. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮಕ್ಕಳೇ ಹೇಳುತ್ತಾರೆ.