ಕತ್ತಲೆಗೆ ಇಳಿಯುವ ಲಿಫ್ಟ್

ಬ್ರಿಟಿಷ್ ಕಲಾವಿದ, ನಿರ್ದೇಶಕ ಸ್ಟೀವ್ ಮೆಕ್ವೀನ್ 2002ರಲ್ಲಿ ಲಂಡನ್ನಿನಲ್ಲಿ ಜೋಡಿಯಾಗಿ ತೋರಿಸಿದ ಚಿತ್ರಗಳಲ್ಲಿ ‘ಕ್ಯಾರಿಬ್ಸ್ ಲೀಪ್’ ಅವರ ಕುಟುಂಬದ ಬೇರುಗಳಿರುವ ಗ್ರೆನಡಾ ದ್ವೀಪದ್ದು. 1651ರಲ್ಲಿ ಫ್ರೆಂಚರಿಗೆ ಶರಣಾಗದೆ ಬಂಡೆಯಿಂದ ಕಡಲಿಗೆ ಹಾರಿದ ಮೂಲನಿವಾಸಿಗಳ ನೆನಪು. ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು, ‘ವೆಸ್ಟರ್ನ್ ಡೀಪ್’. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಳಕ್ಕೆ ಲಿಫ್ಟ್ ಇಳಿಯುತ್ತದೆ. ಪರದೆಯೆಲ್ಲ ಕಪ್ಪು, ಕಿವಿ ತುಂಬ ಕಬ್ಬಿಣದ ಗಡಗಡ. ನಡುನಡುವೆ ಮುಖವೊಂದು ಮಿಂಚಿ ಮಾಯ. ಆಮೇಲೆ ಕೆಂಪು ದೀಪ, ಬಜರಿನ ಕಿರುಚು. ಸಾಲುಗಟ್ಟಿದ ಕಾರ್ಮಿಕರು ಅದರ ತಾಳಕ್ಕೆ ಮೆಟ್ಟಿಲು ಹತ್ತುತ್ತಾರೆ, ಇಳಿಯುತ್ತಾರೆ. ಯಾಕೆಂದು ಯಾರೂ ವಿವರಿಸುವುದಿಲ್ಲ. ವಿವರಿಸದೆ ಬಿಟ್ಟದ್ದೇ ಸರಿ. ಸೂಪರ್ 8 ರೀಲಿನ ಒರಟುತನ ಗಣಿಯ ಧೂಳಿನಂತೆ ಕಣ್ಣಿಗೆ ರಾಚುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿ, ಕೆಜಿಎಫ್, ಮುಚ್ಚಿದ್ದು ಈ ಪ್ರದರ್ಶನಕ್ಕೆ ಬರೀ ಒಂದು ವರ್ಷ ಮುಂಚೆ. ಕೆಜಿಎಫ್ ಅಂದರೆ ಹೊಡೆದಾಟದ ಸಿನಿಮಾ ಎಂದಷ್ಟೇ ಗೊತ್ತಿರುವವರು ಇದನ್ನೊಮ್ಮೆ ನೋಡಬೇಕು.